ಗಣಿತದ ಮೇಡಂ ಗೆದ್ದ ಚಿನ್ನ
ಓದುವ ಮಕ್ಕಳಿಗೆ ಆಟವೇಕೆ ಎನ್ನುವವರು ಆಸ್ಟ್ರಿಯಾದ ಅನ್ನಾ ಕೀಸೆನ್‌ಹೋಫರ್ ಕಥೆ ಕೇಳಬೇಕು. ಗಣಿತದಲ್ಲಿ ಪಿಎಚ್.ಡಿ. ಪಡೆದ ಈಕೆ 2017ರಲ್ಲಿ ವೃತ್ತಿಪರ ಸೈಕಲ್ ತಂಡ ಸೇರಿದರೂ ಅಲ್ಲಿ ಹೆಚ್ಚು ದಿನ ನಿಲ್ಲಲಿಲ್ಲ. ಗಣಿತಕ್ಕೆ ಮರಳಿದರು, ಸೈಕಲ್ ಬಿಡಲಿಲ್ಲ. ಅಭ್ಯಾಸದ ಲೆಕ್ಕ ತಾವೇ ಹಾಕಿಕೊಂಡರು.

2021ರ ಜುಲೈ 25, ಟೋಕಿಯೊ ಒಲಿಂಪಿಕ್ಸ್‌ನ 137 ಕಿ.ಮೀ. ರಸ್ತೆ ಸ್ಪರ್ಧೆ. ಗುಂಪಿನಲ್ಲಿ ಸಾಗುವವರಿಗೆ ಮುಂದಿನವರೇ ಗಾಳಿಗೆ ಮರೆ. ಒಂಟಿ ಸವಾರರು ಅದನ್ನೆಲ್ಲ ತಾವೇ ಸೀಳಬೇಕು. ಅನ್ನಾ ಕೊನೆಯ ಸುಮಾರು 40 ಕಿ.ಮೀ. ಹಾಗೆಯೇ ತುಳಿದರು. ಸವಾರರಿಗೆ ರೇಡಿಯೊ ಇರಲಿಲ್ಲ. 75 ಸೆಕೆಂಡು ತಡವಾಗಿ ಬಂದ ಡಚ್ ತಾರೆ ಆನ್ನೆಮೀಕ್ ಫಾನ್ ಫ್ಲೂಟೆನ್ ತಾನೇ ಗೆದ್ದೆನೆಂದು ಕೈಯೆತ್ತಿದರು! ಚಿನ್ನ ಆಗಲೇ ಅನ್ನಾ ಪಾಲಾಗಿತ್ತು.

ಹೆತ್ತವರೇ, ಪರೀಕ್ಷೆ ಬಂತೆಂದು ಮಗಳ ಸೈಕಲ್ಲಿಗೆ ಬೀಗ ಹಾಕುವ ಮುನ್ನ ಇದನ್ನೊಮ್ಮೆ ನೆನೆಯಿರಿ.