ಹೇಗ್‌ಗೆ ಹೋಗುವುದು ಹೇಗೆ?

ಹಾಲೆಂಡಿನ ಹೇಗ್ ಪಟ್ಟಣದ ಹೆಸರು ಕನ್ನಡದ ಕಿವಿಗೆ ಅರ್ಧಕ್ಕೆ ನಿಂತ ಪ್ರಶ್ನೆಯಂತೆ ಕೇಳುತ್ತದೆ. ಕಾನೂನು ಓದಿದ ನನ್ನ ತಂಗಿಯ ಮಗಳು ಆ ಊರಿಗೆ ಹೋಗಬೇಕೆಂದು ಹಟ ಹಿಡಿದಾಗ ನಮ್ಮ ಮನೆಗಳಲ್ಲಿ ಎದ್ದದ್ದೂ ಅದೊಂದೇ ಪ್ರಶ್ನೆ.

ಅಲ್ಲಿರುವುದು ಅಂತರರಾಷ್ಟ್ರೀಯ ನ್ಯಾಯಾಲಯ. ದೇಶ ದೇಶಗಳ ನಡುವಿನ ವ್ಯಾಜ್ಯ ಕೇಳುವ ವಿಶ್ವಸಂಸ್ಥೆಯ ಕೋರ್ಟು. 15 ಮಂದಿ ನ್ಯಾಯಾಧೀಶರು, 9 ವರ್ಷದ ಅವಧಿ. ಅದು ಕೂರುವ ಶಾಂತಿ ಸೌಧ 1913ರಲ್ಲಿ ತೆರೆದದ್ದು; ಕಟ್ಟಲು ದುಡ್ಡು ಕೊಟ್ಟವರು ಅಮೆರಿಕದ ಉಕ್ಕಿನ ಸಾಹುಕಾರ ಆಂಡ್ರ್ಯೂ ಕಾರ್ನೆಗಿ. ನಮಗೂ ಅದಕ್ಕೂ ನಂಟಿಲ್ಲದೆ ಇಲ್ಲ. ಮಂಗಳೂರಿನಲ್ಲಿ ಹುಟ್ಟಿ, ಸಂವಿಧಾನ ರಚನಾ ಸಭೆಗೆ ಸಲಹೆಗಾರರಾಗಿದ್ದ ಬೆನಗಲ್ ನರಸಿಂಗ ರಾಯರು 1952ರಲ್ಲಿ ಅಲ್ಲಿ ನ್ಯಾಯಾಧೀಶರಾದರು, ಮರುವರ್ಷವೇ ತೀರಿಕೊಂಡರು. ಹೆಂಗಸೊಬ್ಬರು ಆಯ್ಕೆಯಾಗಿ ಆ ಪೀಠ ಹತ್ತಲು ಮಾತ್ರ 1995ರವರೆಗೆ ಕಾಯಬೇಕಾಯಿತು. ಇಂಗ್ಲೆಂಡಿನ ರೋಸಲಿನ್ ಹಿಗಿನ್ಸ್ ಮೊದಲಿಗರು.

ನಮ್ಮ ಹುಡುಗಿ ಆಸೆಪಟ್ಟದ್ದು ಪೀಠದ ಹಿಂದಿನ ಮೇಜಿಗೆ. ಹೊಸದಾಗಿ ಕಾನೂನು ಓದಿ ಮುಗಿಸಿದವರನ್ನು ಆ ಕೋರ್ಟು 1999ರಿಂದ ಸುಮಾರು 10 ತಿಂಗಳ ಮಟ್ಟಿಗೆ ಕರೆಸಿಕೊಳ್ಳುತ್ತಿದೆ. ನ್ಯಾಯಾಧೀಶರ ಕೈಕೆಳಗೆ ಕಡತ ಓದುವುದು, ಹಳೆಯ ತೀರ್ಪು ಹುಡುಕುವುದು, ಟಿಪ್ಪಣಿ ಬರೆಯುವುದು, ವಿಚಾರಣೆ ನೋಡುವುದು. ಫೆಲೋಶಿಪ್ ಎಂದು ಹೆಸರು. ಹಾಗೆಂದ ಮೇಲೆ ದುಡ್ಡು ಕೊಡುತ್ತಾರೆ ಎಂದು ತಾನೇ ನೀವೂ ನಾನೂ ತಿಳಿಯುವುದು? ಕೋರ್ಟು ಕೊಡುವುದಿಲ್ಲ. ಹುಡುಗರು ತಾವೇ ಅರ್ಜಿ ಹಾಕುವ ಹಾಗೂ ಇಲ್ಲ. ವಿಶ್ವವಿದ್ಯಾಲಯ ಹೆಸರು ಸೂಚಿಸಬೇಕು. ಸೂಚಿಸಿದವರೇ ವಿಮಾನದ ಖರ್ಚು, ವಿಮೆ, ತಿಂಗಳ ಊಟ, ಬಾಡಿಗೆ ಎಲ್ಲ ಹೊರಬೇಕು. ಜಾಣರನ್ನೇ ಆರಿಸುತ್ತಾರೆ, ಸುಳ್ಳಲ್ಲ. ಆದರೆ ಆರಿಸುವ ಸಾಲಿನಲ್ಲಿ ಯಾರು ನಿಲ್ಲಬೇಕು ಎನ್ನುವುದನ್ನು ತಿಜೋರಿ ಮೊದಲೇ ತೀರ್ಮಾನಿಸಿರುತ್ತದೆ.

ನಮ್ಮ ಅಪ್ಪ ವಾರಾನ್ನ ಉಂಡು ಓದಿದವರು. ಸೋಮವಾರ ಶಾನುಭೋಗರ ಮನೆ, ಮಂಗಳವಾರ ಪೋಸ್ಟ್‌ಮಾಸ್ತರರ ಮನೆ, ಹೀಗೆ. ಗುರುವಾರದ ಮನೆಯವರಿಗೆ ಸೂತಕ ಬಂದರೆ ಅಂದು ನೀರು ಕುಡಿದು ಮಲಗಿದ್ದೂ ಉಂಟಂತೆ. ಸ್ಕೂಲಿನ ಫೀಸು ಮಾಫಿಯಾಗಿತ್ತು, ಹೊಟ್ಟೆಗೆ ಮಾಫಿ ಎಲ್ಲಿದೆ? ನಮ್ಮ ಸೋದರತ್ತೆ ಅಪ್ಪನಿಗಿಂತ ಚುರುಕು. ಮಗ್ಗಿಯನ್ನು ತಲೆಕೆಳಗಾಗಿ ಹೇಳುತ್ತಿದ್ದರಂತೆ. ಅವರ ಓದು ನಾಲ್ಕನೇ ಕ್ಲಾಸಿಗೆ ನಿಂತಿತು. ಮುಂದಿನ ಸ್ಕೂಲು ಪೇಟೆಯಲ್ಲಿ. ಹೆಣ್ಣು ಹುಡುಗಿ ಏಳು ಮನೆಯಲ್ಲಿ ಉಂಡು ಬರಲಾದೀತೆ? ವಾರಾನ್ನ ಉಂಡು ಓದಿದ ಹೆಂಗಸಿನ ಕತೆಯನ್ನು ನಾನಂತೂ ಈವರೆಗೆ ಕೇಳಿಲ್ಲ.

2015ರಲ್ಲಿ ಪತ್ರಿಕೆಗಳಲ್ಲಿ ಒಂದು ಸುದ್ದಿ ಬಂದಿತ್ತು. ಜಿನೀವಾದಲ್ಲಿ ವಿಶ್ವಸಂಸ್ಥೆಯ ಕಚೇರಿಯಲ್ಲಿ ಸಂಬಳವಿಲ್ಲದೆ ಕೆಲಸ ಕಲಿಯುತ್ತಿದ್ದ ನ್ಯೂಜಿಲೆಂಡಿನ ಹುಡುಗನೊಬ್ಬ ಗುಡಾರದಲ್ಲಿ ಮಲಗುತ್ತಿದ್ದನಂತೆ. ಗಂಡು ಹುಡುಗ, ಗುಡಾರವಾದರೂ ನಡೆಯಿತು. ನಮ್ಮ ಹುಡುಗಿ ಹಾಗೆ ಮಲಗುತ್ತೇನೆಂದರೆ ಯಾರು ಕಳಿಸುತ್ತಾರೆ?

ವಿಶ್ವವಿದ್ಯಾಲಯ ಬರೀ ಹೆಸರು ಸೂಚಿಸಲಿ, ಮಿಕ್ಕದ್ದು ನಾವೇ ನೋಡಿಕೊಂಡರಾಯಿತು ಎಂದು ತಂಗಿ ಒಂದು ಸಂಜೆ ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಕೂಡಿಸತೊಡಗಿದಳು. ಕೈಬಳೆ ನಾಲ್ಕು, ಚೀಟಿಯ ದುಡ್ಡು, ಯಜಮಾನರ ಪಿ.ಎಫ್. ಸಾಲ. ಬಹಳ ಹೊತ್ತು ಪೆನ್ಸಿಲು ಕಚ್ಚಿಕೊಂಡಿದ್ದು, "ಅಕ್ಕ, ಹೋಗೋದಕ್ಕೆ ಆಗತ್ತೆ, ಇರೋದಕ್ಕೆ ಆಗಲ್ಲ" ಎಂದಳು. ಬ್ಯಾಂಕಿನಲ್ಲಿ ಕೇಳಿದರೆ ಇದು ಡಿಗ್ರಿಯಲ್ಲ, ಶಿಕ್ಷಣ ಸಾಲಕ್ಕೆ ಬಾರದು ಎಂದರು. ಹುಡುಗಿ ಮಾತಾಡದೆ ಬಟ್ಟೆ ಮಡಿಸುತ್ತಾ ಕೂತಿದ್ದಳು. ಒಂದೇ ಲಂಗವನ್ನು ಮೂರು ಸಲ ಮಡಿಸಿದಳು.

ಬೆಳೆಯುತ್ತಿರುವ ದೇಶಗಳ ವಿಶ್ವವಿದ್ಯಾಲಯಗಳಿಂದ ಬರುವ ಹುಡುಗರ ಖರ್ಚಿಗೆಂದು ವಿಶ್ವಸಂಸ್ಥೆಯ ಮಹಾಸಭೆ 2020ರ ಡಿಸೆಂಬರಿನಲ್ಲಿ ಒಂದು ನಿಧಿ ತೆರೆಯಲು ಒಪ್ಪಿತು. ಫೆಲೋಶಿಪ್ ಶುರುವಾಗಿ 21 ವರ್ಷಗಳ ಮೇಲೆ! ಅಷ್ಟು ದೊಡ್ಡ ನ್ಯಾಯಾಧೀಶರ ಬಾಗಿಲಲ್ಲೇ ಇಷ್ಟು ತಡವಾದರೆ ನಮ್ಮ ತಾಲ್ಲೂಕು ಕೋರ್ಟನ್ನು ಬೈದು ಫಲವೇನು? ನಿಧಿ ತುಂಬುವುದು ಇಷ್ಟಪಟ್ಟು ಕೊಡುವವರಿಂದ. ವಾರಾನ್ನದ ಮನೆಗಳ ಹಾಗೆ, ಕೊಡುವವರಿದ್ದರೆ ಉಂಟು. ಆದರೂ ಉಂಟಲ್ಲ! ಇದಕ್ಕೂ ವಿಶ್ವವಿದ್ಯಾಲಯವೇ ಹೆಸರು ಕಳಿಸಬೇಕು. ದುಡ್ಡಿಲ್ಲ ಎಂಬ ಮಾತು ಇನ್ನು ಮೊದಲಿನಷ್ಟು ಸಲೀಸಾಗಿ ನಡೆಯದು. ಒಂದು ಕಾಗದ ಬರೆದು ಸಹಿ ಹಾಕುವ ಮನಸ್ಸಿದ್ದರೆ ಸಾಕು.

ಈ ನಿಧಿಯ ವಿಷಯ ಹುಡುಗಿಯೇ ಹುಡುಕಿ ತೆಗೆದದ್ದು. ನಿಯಮಗಳ ಪ್ರತಿ ತೆಗೆಸಿ ತನ್ನ ವಿಶ್ವವಿದ್ಯಾಲಯದ ಕಚೇರಿಗೆ ಕೊಟ್ಟು ಬಂದಳು. "ಇಂಥದ್ದನ್ನ ಇಲ್ಲಿ ಯಾರೂ ಕೇಳಿಲ್ಲಮ್ಮ" ಎಂದರಂತೆ ಗುಮಾಸ್ತರು. ಬೇಡವೆನ್ನಲಿಲ್ಲ, ಹೊಸದೊಂದು ಫೈಲು ತೆಗೆದು ಅವಳ ಹೆಸರು ಬರೆದುಕೊಂಡರಂತೆ. ಸಾಹೇಬರು ಸೋಮವಾರ ಸಿಗುತ್ತಾರೆ. ಅವಳ ಜೊತೆಗೆ ನಾನೂ ಹೋಗುವವಳಿದ್ದೇನೆ.