ಹೀರೋಯಿನ್ ಇಲ್ಲದ ಗುಡ್ಡ!

ಬೆಳವಣಕಿಯ ಎರೆ ಹೊಲದಲ್ಲಿ ನಿಂತು ಸುತ್ತ ನೋಡಿದರೆ ಕಣ್ಣಿಗೆ ಅಡ್ಡ ಬರುವಂಥದ್ದು ಏನೂ ಇಲ್ಲ. ರೋಣ ತಾಲೂಕಿನ ಕರೀ ನೆಲ. ಮಳೆ ಬಂದರೆ ಕಾಲಿಗೆ ಅಂಟುತ್ತದೆ, ಬಿಸಿಲು ಬಿದ್ದರೆ ಬಿರುಕು ಬಿಡುತ್ತದೆ. ಜೋಳ, ಕಡಲೆ, ಹತ್ತಿ, ಅದರಾಚೆಗೆ ಆಕಾಶ. ಇಂಥ ಊರಿನ ಹುಡುಗ ಗುಡ್ಡ ಅಂದರೇನು ಅಂತ ಮೊದಲು ತಿಳಿಯುವುದು ಎಲ್ಲಿ? ಮತ್ತೆಲ್ಲಿ, ಥಿಯೇಟರಿನಲ್ಲೇ!

ಪುಟ್ಟಣ್ಣ ಕಣಗಾಲರ 'ನಾಗರಹಾವು' 1972ರಲ್ಲಿ ಬಂತು, ಚಿತ್ರದುರ್ಗದ ಬಂಡೆಗಳು ನಮ್ಮವಾದವು. 1975ರಲ್ಲಿ 'ಶೋಲೆ' ಬಂತು, ರಾಮನಗರದ ಬೆಟ್ಟಕ್ಕೆ ಗಬ್ಬರ್ ಸಿಂಗ್ ಪಟ್ಟ ಕಟ್ಟಿದ. 2008ರಲ್ಲಿ ಯೋಗರಾಜ ಭಟ್ಟರ 'ಗಾಳಿಪಟ' ಹಾರಿತು, ಮಡಿಕೇರಿ ಹತ್ತಿರದ ಮಾಂದಲಪಟ್ಟಿಗೆ ಜೀಪುಗಳು ಸಾಲುಗಟ್ಟಿದವು. ಗುಡ್ಡ ಅಂದರೆ ಮಂಜು, ಮಂಜಿನಲ್ಲಿ ಹಾಡು, ಹಾಡಿನಲ್ಲಿ ಹೀರೋಯಿನ್. ಇಷ್ಟೇ ನಮ್ಮ ಭೂಗೋಳ!

ಬೆಳವಣಕಿಯ ಗೆಳೆಯನೊಬ್ಬ ಇದೇ ಲೆಕ್ಕ ಹಾಕಿಕೊಂಡು ನನ್ನ ಜೊತೆ ಮಾಂದಲಪಟ್ಟಿಗೆ ಬಂದ. ಮನೆಯಲ್ಲಿ ಅಣ್ಣ ಹೊಲ ಪಾಲು ಕೇಳಿದ್ದ. 'ತಲೀ ಕೆಟ್ಟೈತಿ, ಒಂದೀಟು ಸುಮ್ನ ಕುಂದರೂ ಜಾಗಾ ತೋರ್ಸು' ಅಂದಿದ್ದ. ಜೀಪಿನ ಕುಲುಕಾಟಕ್ಕೆ ಎಲುಬೆಲ್ಲ ಸಡಿಲಾಗಿ ಮೇಲೆ ಹೋದರೆ ಅಲ್ಲಿ ಜಾತ್ರೆ. ಎಲ್ಲರೂ ಎರಡೂ ಕೈ ಚಾಚಿ ಗಣೇಶ್ ಆಗಿದ್ದಾರೆ! ಒಬ್ಬನ ಫೋಟೊ ಮುಗಿಯುವುದನ್ನು ಹತ್ತು ಮಂದಿ ಕಾಯುತ್ತಾರೆ. ಒಂದು ಮೊಬೈಲಿನಲ್ಲಿ ಒಂದು ಹಾಡು, ಪಕ್ಕದ್ದರಲ್ಲಿ ಇನ್ನೊಂದು. ಮಂಜು ಇತ್ತು, ಹಸಿರು ಇತ್ತು, ಸುಳ್ಳು ಹೇಳಬಾರದು, ಕಣ್ಣು ತುಂಬುವಷ್ಟು ಇತ್ತು. ಆದರೆ ಜೀಪಿನವ ಹಾರ್ನ್ ಹೊಡೆದ. ಟೈಮಾಯ್ತು! ಗೆಳೆಯನ ತಲೆಯೊಳಗಿನ ಪಾಲು ಹಾಗೇ ಉಳಿಯಿತು.

ಇಂಥ ಕಡೆ ನಾನು ಕಂಡುಕೊಂಡ ಒಂದು ಉಪಾಯ ಉಂಟು. ಜನ ಫೋಟೊಕ್ಕೆ ನಿಲ್ಲುವ ಜಾಗ ದಾಟಿ ಇನ್ನೂರು ಹೆಜ್ಜೆ ನಡೆಯಿರಿ. ಚಿತ್ರದುರ್ಗದಲ್ಲಿ ಓಬವ್ವನ ಕಿಂಡಿ ಹತ್ತಿರ ನೂಕುನುಗ್ಗಲು. ಜಯಂತಿಯವರ ಒನಕೆ ನೆನಪಿಸಿಕೊಳ್ಳದೆ ಅಲ್ಲಿಂದ ಯಾರೂ ಕದಲುವುದಿಲ್ಲ. ಕೋಟೆಯೊಳಗೆ ಇನ್ನೂ ಮೇಲಕ್ಕೆ ಹೋದರೆ ಗಾಳಿ ಮತ್ತು ಬಂಡೆ. ರಾಮನಗರದಲ್ಲಂತೂ ಗಬ್ಬರ್‌ನ ಬಂಡೆ ಯಾವುದು ಅಂತ ಹುಡುಕುವವರಿಗೆ ತಲೆ ಮೇಲಿನ ರಣಹದ್ದು ಕಾಣುವುದೇ ಇಲ್ಲ. ಆ ಹದ್ದುಗಳಿಗಾಗಿಯೇ 2012ರಲ್ಲಿ ಸರ್ಕಾರ ಅದನ್ನು ರಣಹದ್ದು ಧಾಮ ಮಾಡಿತು.

ಊರಿಗೆ ವಾಪಸು ಬಂದ ಮೇಲೆ ನಾನೇ ಅಂದೆ, 'ನಡಿಯೋ, ಗಜೇಂದ್ರಗಡಕ್ಕ ಹೋಗೂನು.' ಅವ ನಕ್ಕ. 'ಅಲ್ಲೇನೈತಿ? ಸಣ್ಣಾಂವಿದ್ದಾಗಿಂದ ನೋಡೇನಿ.'

ರೋಣಕ್ಕೆ ಒಂದು ಬಸ್ಸು, ಅಲ್ಲಿಂದ ಗಜೇಂದ್ರಗಡಕ್ಕೆ ಇನ್ನೊಂದು. ಮಂಜಿಲ್ಲ, ಹಸಿರೂ ಅಷ್ಟಕ್ಕಷ್ಟೆ. ಒಣಕಲು ಗುಡ್ಡ, ಕುರುಚಲು ಗಿಡ, ದಿಬ್ಬದ ಮೇಲೆ ತಿರುಗುವ ಗಾಳಿಯಂತ್ರಗಳು. ಕಾಲಕಾಲೇಶ್ವರನ ಗುಡಿ ಬಂಡೆಗೆ ಆತುಕೊಂಡು ನಿಂತಿದೆ. ಈ ಕಡೆಯವರು ಇದನ್ನು ದಕ್ಷಿಣ ಕಾಶಿ ಅನ್ನುತ್ತಾರೆ. ಜಾತ್ರೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ನಾವು ಹೋದದ್ದು ವಾರದ ನಡುವೆ, ಉರಿಬಿಸಿಲ ಮಧ್ಯಾಹ್ನ. ಮೆಟ್ಟಿಲು ಹತ್ತುವಾಗ ನಮ್ಮಿಬ್ಬರ ಉಸಿರಿನದೇ ಸಪ್ಪಳ. ಮೇಲೆ ಅಂತರಗಂಗೆಯ ನೀರು ಜಿನುಗುವ ಶಬ್ದ. ಆ ಬಿಸಿಲಿನಲ್ಲಿ ಆ ಶಬ್ದ ಕೇಳಿಯೇ ನೋಡಬೇಕು! ಯಾವ ಮ್ಯೂಸಿಕ್ ಡೈರೆಕ್ಟರೂ ಅದಕ್ಕೆ ಪಿಟೀಲು ಸೇರಿಸುವ ಧೈರ್ಯ ಮಾಡಲಾರ.

ನೆರಳಿಗೆ ಕುಂತೆವು. ಮೇಲಿನಿಂದ ನೋಡಿದರೆ ಹೊಲಗಳು ಕೌದಿಯ ತುಂಡುಗಳ ಹಾಗೆ. ಯಾರದು ಎಲ್ಲಿ ಮುಗಿಯುತ್ತದೆ, ಇನ್ನೊಬ್ಬರದು ಎಲ್ಲಿ ಶುರು, ಗೊತ್ತಾಗುವುದೇ ಇಲ್ಲ. ಬದು ಒಂದು ಗೀಟು ಅಷ್ಟೆ. ಗೆಳೆಯ ಒಂದು ತಾಸು ಮಾತಾಡಲಿಲ್ಲ. ಫೋನ್ ತೆಗೆಯಲಿಲ್ಲ, ಕಲ್ಲಿನ ಮೇಲೆ ಹೆಸರು ಗೀಚಲಿಲ್ಲ (ಗೀಚಿದವರು ಬಹಳ ಮಂದಿ ಇದ್ದಾರೆ, ಅವರ ಪ್ರೇಮ ಚೆನ್ನಾಗಿರಲಿ!). ಆಮೇಲೆ ಸಣ್ಣ ದನಿಯಲ್ಲಿ ಅಂದ, 'ಅಪ್ಪ ಇದ್ದಾಗ ಬಾವಿ ಕಡೆಯ ಮೂರೆಕರೆ ಬಿತ್ತೂದು ಅಣ್ಣನ ಕೆಲಸ. ನಾ ಬರೇ ಬುತ್ತಿ ಒಯ್ತಿದ್ದೆ.'

ಪಾಲಿನ ಮಾತು ಆ ಗುಡ್ಡಕ್ಕೆ ಹೊಸದಲ್ಲ. ಮರಾಠರು, ನಿಜಾಮ ಒಂದು ಕಡೆ, ಟಿಪ್ಪು ಸುಲ್ತಾನ ಇನ್ನೊಂದು ಕಡೆ ಕಾದಾಡಿ ಸುಸ್ತಾಗಿ 1787ರಲ್ಲಿ ಒಪ್ಪಂದ ಮಾಡಿಕೊಂಡದ್ದು ಇದೇ ಗಜೇಂದ್ರಗಡದ ಹೆಸರಿನಲ್ಲಿ. ಬಾದಾಮಿ, ಕಿತ್ತೂರು, ನರಗುಂದ ಮರಾಠರ ಪಾಲಿಗೆ ಬಂದವು. ಇದನ್ನು ಹೇಳಿದೆ. ಅವ ಕೇಳಿದ, 'ಬಾವಿ ಯಾರಿಗೆ ಹೋತು?'

ಇಬ್ಬರೂ ನಕ್ಕೆವು. ಮಾಂದಲಪಟ್ಟಿಯಲ್ಲಿ ಒಂದು ಸಲವೂ ಹೀಗೆ ನಕ್ಕಿರಲಿಲ್ಲ.

ಮಂಗವೊಂದು ಬಂದು ನಮ್ಮ ಚೀಲ ತಪಾಸಣೆ ಮಾಡಿತು, ಏನೂ ಸಿಗದೆ ಬೈದುಕೊಂಡು ಹೋಯಿತು. ಬಿಸಿಲು ಇಳಿಯಿತು, ನಾವೂ ಇಳಿದೆವು. ಬಸ್ ಸ್ಟ್ಯಾಂಡಿನ ಹತ್ತಿರ ಬಿಸಿ ಬಿಸಿ ಮಿರ್ಚಿ, ಗಿರ್ಮಿಟ್ಟು. ಗೆಳೆಯ ಎರಡು ಪ್ಲೇಟು ತಿಂದು, ನಾಲ್ಕು ಮಿರ್ಚಿ ಪೇಪರಿನಲ್ಲಿ ಕಟ್ಟಿಸಿಕೊಂಡ.

'ಯಾರಿಗೋ?' ಅಂದೆ.

'ಅಣ್ಣಗ. ಅಂವಗ ಇಲ್ಲೀ ಮಿರ್ಚಿ ಅಂದ್ರ ಜೀವ' ಅಂದು ರೋಣದ ಬಸ್ಸಿಗೆ ಓಡಿದ.