ಮಳೆನಾ, ಹಾವಾ? (ಕಪ್ಪೆ ಸರಣಿ, ಭಾಗ 3)

ಈ ಕೆಂಪು ಕಣ್ಣಿನ ಮರಗಪ್ಪೆಯನ್ನ ಯಾರದ್ದಾದ್ರೂ ವಾಲ್‌ಪೇಪರಲ್ಲಿ ನೋಡೇ ಇರ್ತೀರ. ಇದರ ಊರು ಮಧ್ಯ ಅಮೆರಿಕದ ಮಳೆಕಾಡು, ಕೋಸ್ಟರಿಕಾ, ಪನಾಮಾ ಕಡೆ. ಎಲ್ಲರೂ ಕಣ್ಣು ನೋಡ್ತಾರೆ. ನನಗೆ ಹಿಡಿಸಿದ್ದು ಇದರ ಮೊಟ್ಟೆ.

ತಾಯಿ ಮೊಟ್ಟೆ ಇಡೋದು ನೀರಿನ ಮೇಲೆ ಬಾಗಿದ ಎಲೆಗೆ. ಯಾರ ಕಾಟವೂ ಇಲ್ಲದಿದ್ರೆ 6-7 ದಿನಕ್ಕೆ ಮರಿ ಹೊರಬಂದು ನೀರಿಗೆ ಬೀಳುತ್ತೆ. ಹಾವು ಬಾಯಿ ಹಾಕಿದ್ರೆ? 5 ದಿನದ ಮರಿಗಳೂ ತಟ್ಟನೆ ಮೊಟ್ಟೆ ಬಿಟ್ಟು ಕೆಳಗೆ ಧುಮುಕ್ತವೆ! ಕ್ಯಾರೆನ್ ವಾರ್ಕೆಂಟಿನ್ ಅನ್ನೋ ವಿಜ್ಞಾನಿ 1995ರಲ್ಲಿ ಇದನ್ನ ಪ್ರಕಟಿಸಿದ್ರು.

ಮಳೆಗೂ ಎಲೆ ಅಲುಗುತ್ತೆ. ಆದ್ರೆ ಮಳೆಗೆ ಸಾಮಾನ್ಯವಾಗಿ ಅವು ಹೊರಗೆ ಬರಲ್ಲ. ಅಲುಗಾಟದ ಲಯದಲ್ಲೇ ವ್ಯತ್ಯಾಸ ಹಿಡೀತವೆ. ಬೇಗ ಬಂದಿದ್ದಕ್ಕೆ ಬೆಲೆಯೂ ಇದೆ: ಮರಿ ಇನ್ನೂ ಪುಟ್ಟದು, ನೀರಲ್ಲಿ ಮೀನು, ಸಿಗಡಿಗಳಿಗೆ ಸುಲಭವಾಗಿ ಸಿಗುತ್ತೆ.

ಹೋದ ವರ್ಷ ನಾನು ಹಾಸ್ಟೆಲ್ ಬಿಟ್ಟು ಬಂದಾಗ "ಹೆದರಿ ಓಡಿಬಂದ" ಅಂದ್ರು. ನಾನೂ ಹಾಗೇ ಅಂದ್ಕೊಂಡೆ. ಪರೀಕ್ಷೆ ಟೆನ್ಶನ್ ಎಲ್ಲರಿಗೂ ಇರುತ್ತೆ, ಅದು ಮಳೆ. ಆದ್ರೆ ತಿಂಗಳುಗಟ್ಟಲೆ ನಿದ್ದೆ ಇಲ್ಲ, ಊಟ ಸೇರ್ತಿಲ್ಲ, ಅಮ್ಮ ಫೋನ್ ಮಾಡಿದ್ರೆ "ಚೆನ್ನಾಗಿದೀನಿ" ಅನ್ನೋ ಸುಳ್ಳು. ಅದು ಮಳೆಯಾಗಿರ್ಲಿಲ್ಲ.

ನೀವೆಲ್ಲ ಈಗ ಸೆಕೆಂಡ್ ಇಯರ್, ನಾನು ಮತ್ತೆ ಫಸ್ಟ್. ಬೇಜಾರಿಲ್ಲ ಅಂದ್ರೆ ಸುಳ್ಳಾಗುತ್ತೆ. ಆದ್ರೆ ನಿದ್ದೆ ಬರ್ತಿದೆ.

ನಿಮ್ಮ ಎಲೆ ಅಲುಗ್ತಿದ್ರೆ, ಮಳೆನೋ ಹಾವೋ ಗೊತ್ತಾಗ್ತಿಲ್ಲ ಅಂದ್ರೆ, ಒಬ್ಬರೇ ಕೂತು ಲೆಕ್ಕ ಹಾಕ್ಬೇಡಿ. ಮನೇಲಿ ಹೇಳಿ. ಆಗ್ಲಿಲ್ವಾ, ನನಗೊಂದು ಮೆಸೇಜ್ ಹಾಕಿ.

ಮುಂದಿನ ಭಾಗ: ನಮ್ಮ ಪಶ್ಚಿಮ ಘಟ್ಟದ ಹಾರುವ ಕಪ್ಪೆ. 🐸